ಹಳದಿ ಪೆಟ್ಟಿಗೆಯ ಹದಿನೈದು

ಕಪ್ಪು ಅಂಟು ಕೊನೆಗೂ ಪಟ್ಟು ಬಿಟ್ಟಿತು. ಬಿಸಿಗಾಳಿ ಊದುವ ಯಂತ್ರವನ್ನು ಕೆಳಗಿಟ್ಟು, ಅಳತೆಯಮ್ಮ ಚೂಪು ಮಾಡಿದ ಮರದ ಕಡ್ಡಿಯಿಂದ ಅದನ್ನು ಪದರ ಪದರವಾಗಿ ಎಬ್ಬಿಸತೊಡಗಿದರು. ಸುಟ್ಟ ಸಕ್ಕರೆಯ ಹಾಗೆ ಅದು ಚಟಕ್ಕನೆ ಒಡೆದು ಮೇಜಿನ ತುಂಬ ಚೆಲ್ಲಿತು.

ಮೇಜಿನ ಮೇಲೆ ಎರಡು ಪೆಡಲುಗಳು ಹೊಟ್ಟೆ ಮೇಲಾಗಿ ಮಲಗಿದ್ದವು. ಒಂದು ಗಿಳಿಹಸಿರು, ಇನ್ನೊಂದು ಹಳದಿ. ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ, ನುಡಿಸುವವನ ಕಾಲ ಬಳಿ ಇಡುವ ಅಂಗೈಯಗಲದ ತಗಡಿನ ಪೆಟ್ಟಿಗೆಗಳಿವು. ಕಾಲಲ್ಲಿ ಒಮ್ಮೆ ಒತ್ತಿದರೆ ಸಾಕು, ಸಪ್ಪೆಯಾಗಿದ್ದ ಸ್ವರ ಹದವಾಗಿ ಒಡೆದು, ಕಾವೇರಿ, ಎದೆ ತುಂಬಿಕೊಂಡು ಹೊರಗೆ ಬರುತ್ತದೆ. ಬಲ್ಲವರು ಇದನ್ನು ಓವರ್‌ಡ್ರೈವ್ ಎನ್ನುತ್ತಾರೆ. ಹೆಸರುವಾಸಿ ಕಂಪನಿಗಳ ಪೆಟ್ಟಿಗೆ ಕೊಳ್ಳಲಾಗದ ಪಡ್ಡೆ ಹುಡುಗರು, ಶಾಲೆಯ ಬ್ಯಾಂಡಿನವರು, ಹೋಟೆಲಿನ ಮೂಲೆಯಲ್ಲಿ ಕೂತು ನುಡಿಸುವವರು, ಎಲ್ಲರೂ ಕೊಳ್ಳುತ್ತಿದ್ದದ್ದು ಈ ಹಸಿರು ಪೆಟ್ಟಿಗೆ. ಪ್ರೀತಿಯಿಂದ ಅದನ್ನು ‘ಗಿಳಿ’ ಎಂದು ಕರೆಯುತ್ತಿದ್ದರು. ಈಗ ಎರಡು ತಿಂಗಳಿಂದ, ಗಿಳಿಯ ಅರ್ಧ ಬೆಲೆಗೆ, ಅದೇ ಮೈಕಟ್ಟಿನ ಹಳದಿ ಪೆಟ್ಟಿಗೆ ಅಂಗಡಿ ಅಂಗಡಿಗಳಲ್ಲಿ ಬಂದು ಕೂತಿತ್ತು.

ಈ ಹಳದಿಯವರಿಗೆ ಗಿಳಿಯ ಗುಟ್ಟು ಮಾರಿದವನು ನೀನೇ ಎಂದು, ಗಿಳಿ ಕಟ್ಟುವ ಅಣ್ಣ ತನ್ನ ಒಡಹುಟ್ಟಿದ ತಮ್ಮನನ್ನು ಕಾರ್ಯಾಗಾರದಿಂದ ಹೊರಗೆ ಹಾಕಿ ಹನ್ನೊಂದು ದಿನವಾಗಿತ್ತು. ಇವತ್ತು ಸಂಜೆ ಐದಕ್ಕೆ ವಕೀಲರು ಬರುವವರಿದ್ದರು. ಅಣ್ಣನ ಸಹಿ ಬಿದ್ದರೆ ತಮ್ಮನ ಪಾಲಿಗೆ ಆ ಕೆಲಸವೂ ಇಲ್ಲ, ಆ ಮನೆಯೂ ಇಲ್ಲ.

“ದೀಪ ಇನ್ನೊಂಚೂರು ಹತ್ತಿರ ಹಿಡೀರಿ,” ಎಂದರು ಅಳತೆಯಮ್ಮ.

ದೀಪ ಹಿಡಿದಿದ್ದವರು ಅವರ ಯಜಮಾನರು. ಊರಿಗೆಲ್ಲ ಗಿಟಾರ್ ಮೇಷ್ಟ್ರು. ಹೆಂಡತಿ ಮೂವತ್ತು ವರ್ಷ ಅಳತೆ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದರೆ, ಗಂಡ ಅಷ್ಟೇ ವರ್ಷ ಮಕ್ಕಳಿಗೆ ತಂತಿ ಮೀಟುವುದನ್ನು ಕಲಿಸಿದವರು. ಸಹೋದರರು ಗಿಳಿಯ ಹೊಸ ಕಂತು ಕಟ್ಟಿದಾಗಲೆಲ್ಲ ಮೊದಲ ಪೆಟ್ಟಿಗೆ ಈ ಮನೆಗೇ ಬರುತ್ತಿತ್ತು. ಮೇಷ್ಟ್ರು ನುಡಿಸುವರು, ಅಳತೆಯಮ್ಮ ಅಳೆಯುವರು. ಅಣ್ಣನ ಹೆಂಡತಿ ಬಂದು, ಮಗನಂತೆ ಬೆಳೆಸಿದ ಮೈದುನ ಕಳ್ಳನಲ್ಲ ಎಂದು ಕಣ್ಣೀರಿಟ್ಟಾಗ ಇವರು ಇಲ್ಲ ಎನ್ನಲಾಗದೆ ಈ ಕೆಲಸ ಒಪ್ಪಿಕೊಂಡದ್ದೂ ಆ ಸಲುಗೆಯಿಂದಲೇ.

“ಮದುವೆಯಾಗಿ ಮೂವತ್ತಾರು ವರ್ಷ ಆಯ್ತು,” ಎಂದರು ಮೇಷ್ಟ್ರು ಬಗ್ಗಿ ನೋಡುತ್ತ. “ನನ್ನ ಹೊಟ್ಟೆಯೊಳಗೆ ಏನಿದೆ ಅಂತ ಒಂದು ದಿನವೂ ಇಷ್ಟು ಶ್ರದ್ಧೆಯಿಂದ ನೋಡಲಿಲ್ಲ ನೀನು.”

“ನಿಮ್ಮ ಹೊಟ್ಟೆಗೆ ಏನು ಬಿತ್ತು ಅಂತ ಅಂಗಿ ಒಗೆಯೋವಾಗ ಗೊತ್ತಾಗುತ್ತೆ ಬಿಡಿ,” ಎಂದು ಅಳತೆಯಮ್ಮ ತಲೆಯೆತ್ತದೆ ಉತ್ತರಿಸಿದರು.

ಅಂಟಿನಡಿಯಿಂದ ಒಂದೊಂದೇ ಭಾಗ ಮುಖ ತೋರಿಸಿತು. ಎರಡರಲ್ಲೂ ಅದೇ ಎಂಟು ಕಾಲಿನ ಚಿಪ್. ಸ್ವರವನ್ನು ಒಡೆಯುವ ಅದೇ ಜೋಡಿ ಡಯೋಡು, ಒಂದಕ್ಕೊಂದು ಬೆನ್ನು ಮಾಡಿ. ಅದೇ ರೆಸಿಸ್ಟರುಗಳು, ಅದೇ ಸಾಲಿನಲ್ಲಿ. ಅವಳಿ ಮಕ್ಕಳ ಹಾಗೆ ಎಲ್ಲವೂ ಒಂದೇ. ಒಂದೇ ಒಂದು ಕಡೆ ಮಾತ್ರ, ಸ್ವರದ ಹೊಳಪನ್ನು ಹಿಡಿದಿಡುವ ಗುಬುಟಿಯ ಪಕ್ಕದ ಕಡಲೆಕಾಳಿನಷ್ಟು ಕೆಪಾಸಿಟರಿನಲ್ಲಿ, ಅವಳಿಗಳು ಬೇರೆಯಾಗಿದ್ದವು.

ಅಳತೆಯಮ್ಮ ಭೂತಗನ್ನಡಿ ಹಿಡಿದರು. ಗಿಳಿಯ ಕೆಪಾಸಿಟರಿನ ಮೈಮೇಲೆ 473 ಎಂದಿತ್ತು. ಕೊನೆಯ ಅಂಕಿ ಸೊನ್ನೆಗಳ ಲೆಕ್ಕ; ಅಂದರೆ ನಲವತ್ತೇಳು ನ್ಯಾನೊಫ್ಯಾರಡ್. ಹಳದಿಯದರ ಮೇಲೆ 153. ಅಂದರೆ ಹದಿನೈದು.

ಅಚ್ಚಾದದ್ದನ್ನು ನಂಬುವ ಅಭ್ಯಾಸ ಅವರಿಗಿರಲಿಲ್ಲ. ಎರಡನ್ನೂ ಬಿಡಿಸಿ, ಮೀಟರಿನ ಕಾಲಿಗೆ ಕಚ್ಚಿಸಿ, ದೇವರ ಹೆಸರು ಹೇಳಿಕೊಂಡು ಓದಿದರು. ನಲವತ್ತೇಳು. ಹದಿನೈದು.

ಈ ಭಾಗದ ಗುಣ ಇಷ್ಟೇ. ಅಂಕಿ ದೊಡ್ಡದಾದಷ್ಟು ಸ್ವರದ ಮೊನೆ ಸವೆದು ಮೆತ್ತಗಾಗುತ್ತದೆ. ಚಿಕ್ಕದಾದಷ್ಟು ಮೊನೆ ಚೂಪಾಗುತ್ತದೆ. ನಲವತ್ತೇಳರ ಗಿಳಿ ಬೆಚ್ಚಗೆ ಹಾಡುತ್ತಿತ್ತು. ಹದಿನೈದರ ಹಳದಿ ತಗಡಿನ ಮೇಲೆ ಮೊಳೆ ಗೀರಿದಂತೆ ಕಿರುಗುಡುತ್ತಿತ್ತು. ಅಂಗಡಿಯವರು ಅದನ್ನು ಅಗ್ಗದ ಮಾಲಿನ ಹಣೆಬರಹ ಎಂದುಕೊಂಡು ಸುಮ್ಮನಾಗಿದ್ದರು.

“ಎಲ್ಲಾ ಕದ್ದು, ಇದೊಂದನ್ನ ಯಾಕೆ ಕೆಡಿಸಿಕೊಂಡ್ರು?” ಎಂದರು ಅಳತೆಯಮ್ಮ, ಅರ್ಧ ತಮಗೆ, ಅರ್ಧ ಗಂಡನಿಗೆ.

ಮೇಷ್ಟ್ರು ಮಾತಾಡಲಿಲ್ಲ.

*

ತಮ್ಮ ಸಿಕ್ಕಿದ್ದು ವಾದ್ಯದಂಗಡಿಯ ಹಿಂದಿನ ಕೋಣೆಯಲ್ಲಿ. ಬಾಡಿಗೆಗೆ ಕೊಡುವ ಡ್ರಮ್ಮುಗಳ ನಡುವೆ ಒಂದು ಚಾಪೆ, ಒಂದು ಚೀಲ, ಒಂದು ನೀರಿನ ಬಾಟಲಿ. ನಲವತ್ತರ ಹತ್ತಿರದ ಆಳು ಹನ್ನೊಂದು ದಿನದಲ್ಲಿ ಗಾಳಿ ಬಿಟ್ಟ ಚೆಂಡಿನಂತಾಗಿದ್ದ. ಮೇಷ್ಟ್ರು ಅಂಗಡಿಯ ಮುಂಭಾಗದಲ್ಲೇ ಉಳಿದರು. ಅವನ ಮುಖ ನೋಡಲು ತಮಗಾಗದು ಎಂದರು.

ಅಳತೆಯಮ್ಮ ಡ್ರಮ್ಮೊಂದರ ಮೇಲೆ ಕೂತು, ಅಂಗೈಯಲ್ಲಿ ಆ ನಲವತ್ತೇಳರ ಕಾಳನ್ನು ಇಟ್ಟು ತೋರಿಸಿದರು.

ಅವನು ಅದನ್ನು ನೋಡಿದ. ಆಮೇಲೆ ಗೋಡೆ ನೋಡಿದ. ಆಮೇಲೆ, ಮೂರು ವರ್ಷದಿಂದ ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡದ್ದೆಲ್ಲ ಒಂದೊಂದೇ ಹೊರಬಿತ್ತು.

ಅಣ್ಣ ಪೆಟ್ಟಿಗೆ ಕಟ್ಟುವ ರೀತಿಯೇ ಬೇರೆ. ಮೀಟರು, ಲೆಕ್ಕ, ಪುಸ್ತಕ ಯಾವುದನ್ನೂ ಅವನು ಹತ್ತಿರ ಸೇರಿಸುವುದಿಲ್ಲ. ಹಳೆಯ ಗಿಟಾರೊಂದನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿ ಕೂರುತ್ತಾನೆ. ತಮ್ಮ ಎದುರು ಕೂತು ಎರಡು ಕ್ಲಿಪ್ಪುಗಳ ನಡುವೆ ಒಂದಾದ ಮೇಲೊಂದು ಭಾಗ ಹಾಕಿ ತೆಗೆಯುತ್ತಾನೆ. ಅಣ್ಣ ಮೀಟುತ್ತ ಹೋಗುತ್ತಾನೆ. ಯಾವಾಗ ‘ನಿಲ್ಲು’ ಎನ್ನುತ್ತಾನೋ ಆಗ ಕ್ಲಿಪ್ಪಿನ ನಡುವೆ ಇರುವುದೇ ಶಾಸನ. ತಮ್ಮ ಅದನ್ನು ಹಾಳೆಯಲ್ಲಿ ಬರೆಯುತ್ತಾನೆ. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಲದಿಂದ ಆ ಮನೆಯಲ್ಲಿ ಹೀಗೆಯೇ ನಡೆದು ಬಂದಿತ್ತು. ಕಿವಿ ಹೇಳಿದ್ದನ್ನು ಕೈ ಬರೆಯಬೇಕು.

ಗಿಳಿಯನ್ನು ಕಟ್ಟುವಾಗ ಅಣ್ಣ ‘ನಿಲ್ಲು’ ಎಂದದ್ದು ಇಪ್ಪತ್ತೆರಡರಲ್ಲಿ. ತಮ್ಮನ ಹಲ್ಲು ಜುಮ್ಮೆಂದಿತ್ತು. ಅಷ್ಟು ಚೂಪು. ಅಣ್ಣನ ಮುಖ ನೋಡಿದರೆ ಅಲ್ಲಿ ಪೂಜೆ ಮುಗಿಸಿದವನ ನೆಮ್ಮದಿ. ಆಗ ತಮ್ಮನಿಗೆ ಹೊಳೆದಿತ್ತು: ಮೂವತ್ತೈದು ವರ್ಷ ಆಂಪ್ಲಿಫೈಯರುಗಳ ಬಾಯೆದುರು ಕೂತ ಕಿವಿ, ಮೇಲಿನ ಸ್ವರಗಳನ್ನು ಕಳಕೊಂಡಿತ್ತು. ಉಳಿದವರಿಗೆ ಕಿರುಗುಡುವುದು ಅಣ್ಣನಿಗೆ ಈಗಷ್ಟೇ ಕೇಳಿಸತೊಡಗುತ್ತಿತ್ತು.

ಹೇಳಲು ಅವನ ನಾಲಿಗೆ ಹೊರಳಲಿಲ್ಲ. ಹಾಳೆಯಲ್ಲಿ ಇಪ್ಪತ್ತೆರಡು ಎಂದೇ ಬರೆದ. ಪೆಟ್ಟಿಗೆ ಮುಚ್ಚುವ ಕೆಲಸ ಅವನದಾಗಿತ್ತು. ಮುಚ್ಚುವ ಮೊದಲು ಪ್ರತಿಯೊಂದರಲ್ಲೂ ಇಪ್ಪತ್ತೆರಡನ್ನು ಕಿತ್ತು ನಲವತ್ತೇಳನ್ನು ಕೂರಿಸಿದ.

“ಹಾಗಾದ್ರೆ ಈ ಕಪ್ಪು ಅಂಟು?” ಎಂದು ಅಳತೆಯಮ್ಮ ಕೇಳಿದರು. ಅವರಿಗೆ ಉತ್ತರ ಆಗಲೇ ಗೊತ್ತಾಗಿತ್ತು. “ನಕಲು ಮಾಡೋರು ನೋಡಬಾರದು ಅಂತ ಹಾಕ್ತೀರಿ ಅಂದ್ಕೊಂಡಿದ್ವಿ.”

“ಊರವರೆಲ್ಲ ಹಾಗೇ ಅಂದ್ಕೊಂಡ್ರು,” ಎಂದ ತಮ್ಮ. “ಅಣ್ಣ ನೋಡಬಾರದು ಅಂತ ಹಾಕಿದ್ದು ಕಣಮ್ಮ.”

ಹೊರಗೆ ಯಾರೋ ಗಿರಾಕಿ ಯಾವುದೋ ತಂತಿಯನ್ನು ಶ್ರುತಿ ಸೇರಿಸಲು ಒದ್ದಾಡುತ್ತಿದ್ದ.

“ಇದನ್ನ ಹೇಳಿದ್ರೆ ಸಾಕಿತ್ತಲ್ಲಪ್ಪ,” ಎಂದರು ಅಳತೆಯಮ್ಮ ಮೆಲ್ಲಗೆ. “ಹಾಳೆ ತಪ್ಪು ಅಂತ ಗೊತ್ತಿದ್ದೋನು ನೀನೊಬ್ಬನೇ. ಮಾರೋನಾಗಿದ್ರೆ ಸರಿಯಾದ ಅಂಕಿ ಮಾರ್ತಿದ್ದೆ. ಹಳದಿ ಕಿರುಗುಡ್ತಿದೆ ಅನ್ನೋದೇ ನೀನು ಕಳ್ಳ ಅಲ್ಲ ಅನ್ನೋದಕ್ಕೆ ಸಾಕ್ಷಿ.”

“ಹೇಳಿದ್ರೆ ನನ್ನ ಹೆಸರು ಉಳಿಯುತ್ತೆ. ಅಣ್ಣಂದು ಏನುಳಿಯುತ್ತೆ?” ಅವನು ಕೈ ಜೋಡಿಸಿದ. “ಆ ಕಿವಿ ಒಂದೇ ಅವನ ಆಸ್ತಿ. ನಾನು ಕಳ್ಳ ಆಗೇ ಇರ್ತೀನಿ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬೇಡಿ.”

ಅಳತೆಯಮ್ಮ ಆಗಲಿ ಎನ್ನಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಮುಚ್ಚಿಡುವುದು ಪ್ರೀತಿಯೋ ದ್ರೋಹವೋ ಎಂದು ಅಳೆಯುವ ಮೀಟರನ್ನು ಯಾವ ಪ್ರಯೋಗಾಲಯವೂ ಅವರ ಕೈಗೆ ಕೊಟ್ಟಿರಲಿಲ್ಲ. ಅದನ್ನು ಬಲ್ಲವನು ಮೇಲಿದ್ದಾನೆ ಎಂದುಕೊಂಡು ಎದ್ದರು.

“ಹಳದಿಯಲ್ಲಿ ಇಪ್ಪತ್ತೆರಡು ಇತ್ತಲ್ವಾ?” ಎಂದು ತಮ್ಮ ಹಿಂದಿನಿಂದ ಕೇಳಿದ. “ಹಾಳೆ ನೋಡಿ ಕಟ್ಟಿದ್ರೆ ಅದೇ ಇರಬೇಕು.”

“ಹದಿನೈದು.”

“ಹದಿನೈದಾ?” ಅವನ ಹುಬ್ಬು ಗಂಟಾಯಿತು. “ಹದಿನೈದು ನಾವು ಎಲ್ಲೂ ಬರೆದಿಲ್ಲವಲ್ಲ.”

ಬಾಗಿಲ ಹತ್ತಿರ ಹೋದ ಅಳತೆಯಮ್ಮ ಅಲ್ಲೇ ನಿಂತರು. ಮಾರಿದ ಪೆಟ್ಟಿಗೆಯಲ್ಲಿ ನಲವತ್ತೇಳು. ಕಾರ್ಯಾಗಾರದ ಹಾಳೆಯಲ್ಲಿ ಇಪ್ಪತ್ತೆರಡು. ಹಾಗಾದರೆ ಹದಿನೈದು ಪೆಟ್ಟಿಗೆಯಿಂದ ಬಂದದ್ದಲ್ಲ, ಹಾಳೆಯಿಂದ ಬಂದದ್ದೂ ಅಲ್ಲ. ಮೂರು ವರ್ಷದಲ್ಲಿ ಇನ್ನಷ್ಟು ಮಂಕಾಗಿ, ಇನ್ನಷ್ಟು ಚೂಪನ್ನು ಬೇಡಿದ ಒಂದು ಕಿವಿಯಿಂದ ಬಂದದ್ದು.

ಅಂಥ ಕಿವಿ ಆ ಮನೆಯಲ್ಲಿ ಒಂದೇ ಇತ್ತು.

*

ಗಾಜು ಕತ್ತರಿಸುವವನ ಅಂಗಡಿಯ ಮೇಲೆ ಸಹೋದರರ ಕಾರ್ಯಾಗಾರ. ಮೆಟ್ಟಿಲು ಹತ್ತುವಾಗ ನಾಲ್ಕೂಕಾಲು. ಅಳತೆಯಮ್ಮನ ಚೀಲದಲ್ಲಿ, ಬಿಡಿಸಿದ ಕಾಳುಗಳನ್ನು ಮತ್ತೆ ಬೆಸೆದು ತಂದ ಎರಡೂ ಪೆಡಲುಗಳಿದ್ದವು. ಮೇಷ್ಟ್ರು ಗಿಟಾರ್ ಹೊತ್ತು ಹಿಂದೆ ಬಂದರು. ದಾರಿಯುದ್ದಕ್ಕೂ ಅವರು ತುಟಿ ಬಿಚ್ಚಿರಲಿಲ್ಲ. ದುಃಖದ ಮನೆಗೆ ಹೋಗುತ್ತಿದ್ದೇವಲ್ಲ, ಇವರಿಗೂ ನೋವು ಎಂದು ಅಳತೆಯಮ್ಮ ತಿಳಿದುಕೊಂಡರು.

ಅಣ್ಣ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಬೆಸುಗೆ ಕಡ್ಡಿ ತಣ್ಣಗಿತ್ತು. ಎದುರಿನ ಸ್ಟೂಲು ಖಾಲಿ. ಅದರ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ. ಮೇಜಿನ ತುದಿಯಲ್ಲಿ ವಕೀಲರು ಮೊದಲೇ ಕಳಿಸಿದ್ದ ಕಾಗದಗಳು, ಪಕ್ಕದಲ್ಲಿ ಒಂದು ಪೆನ್ನು.

ಅಳತೆಯಮ್ಮ ಬಂದ ಕೆಲಸ ಹೇಳಿದರು. ಎರಡು ಪೆಡಲುಗಳನ್ನು ತಗಡಿನಿಂದ ಹೊರಗೆ ತೆಗೆದು ರಟ್ಟಿನ ಮರೆಯಲ್ಲಿ ಇಡುತ್ತೇನೆ, ಮೇಷ್ಟ್ರು ನುಡಿಸುತ್ತಾರೆ, ನಿಮ್ಮದು ಯಾವುದು ಎಂದು ನೀವು ಹೇಳಬೇಕು. ಅಷ್ಟು ಮಾಡಿದರೆ ವಕೀಲರ ಮುಂದೆ ನನಗೆ ಬೇರೆ ಮಾತಿಲ್ಲ.

ಅಣ್ಣ ನಕ್ಕ. “ಹೆತ್ತ ಮಗೂನ ಅಳು ಗುರುತು ಹಿಡಿ ಅಂದ ಹಾಗಾಯ್ತು.”

“ಹಿಡೀರಿ ಮತ್ತೆ.”

ಮೇಷ್ಟ್ರು ಇಬ್ಬರಿಗೂ ಬೆನ್ನು ಹಾಕಿ ಕೂತರು. ರಟ್ಟಿನ ಹಿಂದೆ ಅಳತೆಯಮ್ಮ ವೈರು ಬದಲಿಸಿದರು. ಒಂದೇ ರಾಗದ ತುಣುಕು, ಒಂದೇ ವೇಗ, ಒಂದೇ ಬಲ. ಮೊದಲು ಒಂದು, ಆಮೇಲೆ ಇನ್ನೊಂದು. ಮೊದಲನೆಯದು ಬೆಚ್ಚಗೆ ಬಂದು ಕೋಣೆಯನ್ನು ತುಂಬಿತು. ಎರಡನೆಯದು ಕೆಳಗಿನ ಅಂಗಡಿಯಲ್ಲಿ ಗಾಜು ಕೊಯ್ಯುವ ಸದ್ದಿಗೆ ಪೈಪೋಟಿ ಕೊಟ್ಟಿತು.

ಅಣ್ಣ ಕಣ್ಣು ಮುಚ್ಚಿ, ತಲೆ ಒಂಚೂರು ವಾಲಿಸಿ ಕೇಳಿದ. ಮುಖದ ಗೆರೆಗಳೆಲ್ಲ ಸಡಿಲವಾದವು.

“ಎರಡನೇದು,” ಎಂದ.

ಅಳತೆಯಮ್ಮ ಜಾಗ ಬದಲಿಸಿದರು. ಮೇಷ್ಟ್ರು ಮತ್ತೆ ನುಡಿಸಿದರು. ಈ ಸಲ ಅಣ್ಣ ಮೊದಲನೆಯದು ಎಂದ. ಮೂರನೇ ಸಲವೂ ಅವನ ಬೆರಳು ತಪ್ಪದೆ ಅದೇ ಸ್ವರದ ಕಡೆಗೇ ಹೋಯಿತು. ಒಂದು ಬಾರಿಯೂ ತಡವರಿಸಲಿಲ್ಲ. ಗುರುತು ಅಷ್ಟು ಖಚಿತವಾಗಿತ್ತು.

ಅಳತೆಯಮ್ಮ ರಟ್ಟನ್ನು ಎತ್ತಿದರು. ಅಣ್ಣ ತನ್ನದೆಂದ ಬೋರ್ಡಿನ ಪಕ್ಕದಲ್ಲಿ ಹಳದಿ ಬಣ್ಣದ ತಗಡು ಬಿದ್ದಿತ್ತು.

ಅವನು ಬೆಚ್ಚಿ ಬೀಳುತ್ತಾನೆ, ಕೂಗಾಡುತ್ತಾನೆ, ಮೋಸ ಎನ್ನುತ್ತಾನೆ ಎಂದು ಅಳತೆಯಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದರು. ಹಾಗೇನೂ ಆಗಲಿಲ್ಲ. ಅವನು ಹಳದಿ ತಗಡನ್ನು ಎತ್ತಿ, ಮಲಗಿದ ಕೂಸನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿ ಕೆಳಗಿಟ್ಟ.

“ಇದರಲ್ಲಿ ಹದಿನೈದಿದೆ,” ಎಂದ. “ಅದನ್ನೇ ಕೇಳೋಕೆ ಬಂದಿದೀರಿ ಅಲ್ವಾ ಅಮ್ಮಾವ್ರೆ?”

“ಯಾರು ಕೊಟ್ಟದ್ದು ಅಂತ ಕೇಳೋಕೆ ಬಂದೆ.”

“ನಾನೇ ಕೊಟ್ಟೆ. ಹಾಳೆ ಮುಟ್ಟಲಿಲ್ಲ. ಹೊಸದಾಗಿ ನನ್ನ ಕೈಯಾರೆ ಬರೆದೆ, ಇವತ್ತಿನ ಕಿವೀಲಿ ಕೇಳಿ.” ಅವನ ದನಿ ಏರಲಿಲ್ಲ. “ಅವರು ಏನೋ ಕೊಡೋಕೆ ಬಂದ್ರು, ಬೇಡ ಅಂದೆ. ನಾನು ಬರೆದದ್ದನ್ನ ಒಂದಂಕಿ ಬದಲಿಸದೆ ಕಟ್ಟಿ ಅಂತ ಮಾತ್ರ ಕೇಳಿಕೊಂಡೆ. ನೋಡಿ, ಪರರು. ಮಾತು ಉಳಿಸಿಕೊಂಡ್ರು.”

ತಮ್ಮ ಮುಚ್ಚಿಟ್ಟದ್ದನ್ನು ಅಣ್ಣ ಎಂದೋ ಬಿಚ್ಚಿ ನೋಡಿದ್ದ.

ಅವನು ತಾನಾಗಿಯೇ ಹೇಳುತ್ತ ಹೋದ. ಮೂರು ವರ್ಷ ಜನ ಗಿಳಿಯನ್ನು ಹೊಗಳಿದರು. ದೂರದಿಂದ ಬಂದು ಕೈ ಹಿಡಿದು, ನಿಮ್ಮ ಕಿವಿಗೆ ನಮಸ್ಕಾರ ಎಂದರು. ಅವನು ಆ ನಮಸ್ಕಾರವನ್ನು ಅಪ್ಪನ ಪಟದ ಮುಂದೆ ನಿಂತು ಒಪ್ಪಿಸಿದ. ಪ್ರತಿ ಸಲವೂ ತಮ್ಮ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿರುತ್ತಿದ್ದ. ವಿನಯ ಎಂದುಕೊಂಡಿದ್ದ. ಒಂದು ದಿನ ಸುಳಿವು ಸಿಕ್ಕ ಮೇಲೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಒಂದು ಗಿಳಿಯ ಅಂಟು ಕೆರೆದು ನೋಡಿದ. ಆಮೇಲೆ ಇನ್ನೊಂದು. ಹೀಗೆ ಹದಿನಾಲ್ಕು ಪೆಟ್ಟಿಗೆ ಕೆರೆದ. ಒಂದಾದರೂ ತನ್ನದಿರಬಹುದು ಎಂಬ ಆಸೆ.

“ಒಂದೂ ಇರಲಿಲ್ಲ,” ಎಂದ.

“ಅದಕ್ಕೆ ಅವನನ್ನ ಕಳ್ಳ ಅಂದ್ರಿ.”

“ನನ್ನ ಸ್ವರ ತೆಗೆದು ತನ್ನದನ್ನ ಇಟ್ಟೋನಿಗೆ ಬೇರೆ ಹೆಸರು ಏನಿದೆ, ಹೇಳಿ. ಮುಖದ ಮೇಲೆ ಹೇಳಿದ್ರೆ ಆಗ್ತಿತ್ತು: ಅಣ್ಣ, ನಿನಗೆ ಕಿವಿ ಕೇಳಲ್ಲ ಅಂತ. ಒಂದು ದಿನ ಅಳ್ತಿದ್ದೆ, ಎರಡು ದಿನ ಬೈತಿದ್ದೆ. ಆಮೇಲೆ ಅವನು ಕಿವಿಯಾಗೋನು, ನಾನು ಕೈಯಾಗ್ತಿದ್ದೆ.” ಅವನು ಎದುರಿನ ಖಾಲಿ ಸ್ಟೂಲನ್ನು ನೋಡಿದ. “ಅವನು ನನ್ನ ಮೇಲೆ ಕರುಣೆ ತೋರಿಸಿದ. ದಿನಾ ಎದುರಿಗೆ ಕೂತು, ನಿಲ್ಲು ಅಂದಾಗ ನಿಂತು, ಬರಿ ಅಂದಾಗ ಬರೆದು, ಮೂರು ವರ್ಷ ನನ್ನನ್ನ ಆಟ ಆಡಿಸಿದ.”

ಅಳತೆಯಮ್ಮ ಈ ಹೊತ್ತಿಗೆ ಹೇಳಬೇಕಾದದ್ದನ್ನು ಹೇಳಿದರು. ನಿಮ್ಮ ನೋವು ನಿಜ, ಆದರೆ ನಿಮ್ಮ ಕೈಯ ಕೆಲಸವನ್ನು ಅವನ ತಲೆಗೆ ಕಟ್ಟಿದಿರಿ. ಅವನು ಬೆಳಿಗ್ಗೆ ನನ್ನ ಮುಂದೆ ಕೈ ಜೋಡಿಸಿ, ಕಳ್ಳನೆಂದೇ ಇರುತ್ತೇನೆ, ಅಣ್ಣನಿಗೆ ಮಾತ್ರ ಹೇಳಬೇಡಿ ಎಂದ. ವಕೀಲರು ಬಂದಾಗ ಈ ಎರಡನ್ನೂ ನಾನು ಹೇಳಲೇಬೇಕಾಗುತ್ತದೆ.

“ಹೇಳಿ. ಕಳ್ಳ ಅನ್ನೋ ಮಾತು ನಾನೇ ಹೊಡೆದು ಹಾಕ್ತೀನಿ. ಸಹಿ ಮಾತ್ರ ಹಾಕೇ ಹಾಕ್ತೀನಿ.” ಅವನು ಪೆನ್ನು ಕೈಗೆತ್ತಿಕೊಂಡ. “ಅಯ್ಯೋ ಪಾಪ ಅಂದೋನ ಜೊತೆ ಒಂದೇ ಮೇಜಿಗೆ ಕೂರೋದು ನನ್ನಿಂದ ಆಗಲ್ಲ. ಅಷ್ಟೇ ಆಗಿದ್ರೂ ನುಂಗಿಕೊಳ್ತಿದ್ದೆನೇನೋ. ಇದನ್ನ ನುಂಗೋಕಾಗಲ್ಲ.”

ಅವನು ಅಂಗಿಯ ಒಳಜೇಬಿನಿಂದ ಮಡಿಚಿದ ಕಾಗದ ತೆಗೆದು ಮೇಜಿನ ಮೇಲೆ ಜಾರಿಸಿದ.

“ನಾಲ್ಕು ತಿಂಗಳ ಹಿಂದೆ ಇದು ನನ್ನ ಉಪಕರಣದ ಡಬ್ಬೀಲಿ ಸಿಕ್ತು. ಇದನ್ನ ನೋಡಿದ ಮೇಲೇ ನಾನು ಅಂಟು ಕೆರೆದದ್ದು. ಆ ಡಬ್ಬಿ ಮುಟ್ಟೋನು ಅವನೊಬ್ಬನೇ. ತಾನು ಮಾಡಿದ್ದನ್ನ ತಾನೇ ತೋರಿಸಿ, ಇನ್ನಾದ್ರೂ ಜಾಗ ಬಿಡು ಮುದುಕ ಅಂತ ಚೀಟಿ ಇಟ್ಟಿದಾನೆ. ಎದುರಿಗೆ ನಿಂತು ಹೇಳೋ ಗಂಡಸುತನ ಇಲ್ಲ, ಬೇರೆ ಯಾರ ಕೈಲೋ ಬರೆಸಿದಾನೆ.”

ಅಳತೆಯಮ್ಮ ಕಾಗದ ಬಿಡಿಸಿದರು. ಅವರದೇ ಪರೀಕ್ಷೆಯ ಚೀಟಿ ಅದು. ಗಿಳಿಯ ಮೊದಲ ಕಂತಿನದು, ಅವರ ಕೈಯಾರೆ ಎಳೆದ ಸ್ವರದ ಗೆರೆ, ಕೆಳಗೆ ಅವರ ಸಹಿ. ಗೆರೆಯ ಪಕ್ಕದ ಖಾಲಿ ಜಾಗದಲ್ಲಿ ಯಾರೋ ಎರಡು ಸಾಲು ಬರೆದಿದ್ದರು: ನೀವು ನಿಲ್ಲು ಎಂದಲ್ಲಿ ಇದು ನಿಂತಿಲ್ಲ. ಅಂಟಿನ ಕೆಳಗೆ ನೋಡಿ.

ಅವರ ಕಣ್ಣು ಆ ಸಾಲುಗಳಿಗಿಂತ ಮೊದಲು ಸಹಿಯ ಮೇಲೆ ಬಿತ್ತು. ಸಹಿ ನೀಲಿಯಾಗಿ, ಒಂಚೂರು ಮಸುಕಾಗಿ, ಮೊನೆಯ ಗುರುತಿಲ್ಲದೆ ನಯವಾಗಿ ಕೂತಿತ್ತು. ಪ್ರತಿ ಪರೀಕ್ಷೆಗೂ ಅವರು ಎರಡು ಪ್ರತಿ ಮಾಡುತ್ತಿದ್ದರು. ಶಾಯಿಯದು ಪೆಟ್ಟಿಗೆಯ ಜೊತೆ ತಮ್ಮನ ಕೈಗೆ. ಕಾರ್ಬನ್ನಿನದು ಅವರ ಮನೆಯ ಬೀರುವಿಗೆ.

ಇದು ಕಾರ್ಬನ್ನಿನದು.

ಆ ಬೀರುವಿಗೆ ಬೀಗವಿರಲಿಲ್ಲ. ಮನೆಯಲ್ಲಿ ಇದ್ದವರೇ ಇಬ್ಬರು. ಇಬ್ಬರ ನಡುವೆ ಬೀಗ ಯಾಕೆ ಎಂದು ಮದುವೆಯಾದ ವರ್ಷ ಅವರೇ ಕೀಲಿಯನ್ನು ಎಸೆದಿದ್ದರು.

ಆಮೇಲೆ ಅವರು ಆ ಎರಡು ಸಾಲು ಓದಿದರು. ಓದುವ ಅಗತ್ಯವೇ ಇರಲಿಲ್ಲ. ಗಂಟು ಹಾಕಿದಂತೆ ಬೀಳುವ ಆ ಒತ್ತಕ್ಷರಗಳನ್ನು, ಸಾಲಿನ ಕೊನೆಯಲ್ಲಿ ಕೆಳಗೆ ಜಾರುವ ಆ ನಡೆಯನ್ನು ಅವರು ಮೂವತ್ತಾರು ವರ್ಷ ಕಾಗದಗಳಲ್ಲಿ, ಹಾಡಿನ ಪುಸ್ತಕಗಳಲ್ಲಿ, ಔಷಧಿ ಬಾಟಲಿಯ ಮೇಲಿನ ಚೀಟಿಗಳಲ್ಲಿ ನೋಡಿದ್ದರು. ತಾವು ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೇಗ ಬಾ ಎಂದು ಬರೆದು ದಿಂಬಿನಡಿ ಇಟ್ಟದ್ದೂ ಇದೇ ಅಕ್ಷರ.

ಬೆಳಿಗ್ಗೆ ಗಂಡ ಮೇಜಿನ ಪಕ್ಕ ನಿಂತು ದೀಪ ಹಿಡಿದದ್ದು, ಪ್ರಶ್ನೆ ಕೇಳಿದಾಗ ಸುಮ್ಮನಾದದ್ದು, ಆ ಹುಡುಗನ ಮುಖ ನೋಡಲಾರೆ ಎಂದದ್ದು. ಮೂರೂ ಈಗ ಬೇರೆಯಾಗಿ ಕಂಡವು.

“ಈ ಅಕ್ಷರ ನಿಮಗೆ ಗೊತ್ತು,” ಎಂದ ಅಣ್ಣ, ಅವರ ಮುಖವನ್ನೇ ನೋಡುತ್ತ. ಕಿವಿ ಮಂಕಾದವನ ಕಣ್ಣು ಚುರುಕಾಗಿತ್ತು. “ನಿಮ್ಮ ಚೀಟಿ ಮೇಲೆ ಬರೆದಿದೆ, ನಿಮಗೆ ಗೊತ್ತಿಲ್ಲದೆ ಇರಲ್ಲ. ಒಂದು ಮಾತು ಹೇಳಿ ಅಮ್ಮಾವ್ರೆ. ಇದು ನನ್ನ ತಮ್ಮ ಇಟ್ಟದ್ದೇ ಆದ್ರೆ ಸಹಿ ಹಾಕ್ತೀನಿ. ಅವನಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ ಅಂತಾದ್ರೆ, ಅವನು ಬರೀ ಹೇಳೋಕೆ ಹೆದರಿದ ಅಷ್ಟೇ ಅಂತಾದ್ರೆ, ಈ ಕಾಗದ ಹರಿದು ಹಾಕಿ ನಾನೇ ಹೋಗಿ ಅವನನ್ನ ಕರ್ಕೊಂಡು ಬರ್ತೀನಿ.”

ಕೆಳಗೆ ಗಾಜಿನ ಸದ್ದು ನಿಂತಿತ್ತು. ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿಸಿತು. ವಕೀಲರು ಹತ್ತು ನಿಮಿಷ ಮೊದಲೇ ಬಂದಿದ್ದರು.

ಗೊತ್ತಿಲ್ಲ ಎಂಬ ಒಂದು ಮಾತು ಸಾಕಿತ್ತು. ಅವರ ಮನೆ ಹಾಗೇ ಉಳಿಯುತ್ತಿತ್ತು, ಇನ್ನೊಂದು ಮನೆ ಮುರಿಯುತ್ತಿತ್ತು. ಅಳತೆಯಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು. ದುಡಿದ ಮೂವತ್ತು ವರ್ಷದಲ್ಲಿ ಒಮ್ಮೆಯೂ, ಮುಳ್ಳು ತೋರಿಸಿದ್ದನ್ನು ಬಿಟ್ಟು ಬೇರೆ ಅಂಕಿಯನ್ನು ಅವರು ಬಾಯಲ್ಲಿ ಹೇಳಿರಲಿಲ್ಲ. ಈಗಲೂ ಅದೊಂದು ಶಕ್ತಿಯನ್ನು ಕೊಡು ತಂದೆ ಎಂದು ಬೇಡಿಕೊಂಡರು.

“ನಿಮ್ಮ ತಮ್ಮ ಬರೆದದ್ದೂ ಅಲ್ಲ, ಬರೆಸಿದ್ದೂ ಅಲ್ಲ,” ಎಂದರು. “ಇದು ನಮ್ಮ ಮನೆಯ ಬೀರುವಿನ ಚೀಟಿ. ಅಕ್ಷರ ನಮ್ಮ ಯಜಮಾನ್ರದು.”

ಅಣ್ಣನ ಕೈಯಲ್ಲಿದ್ದ ಪೆನ್ನು ಮೆಲ್ಲಗೆ ಮೇಜಿಗೆ ಇಳಿಯಿತು.

ಮೇಷ್ಟ್ರು ಇನ್ನೂ ಇಬ್ಬರಿಗೂ ಬೆನ್ನು ಹಾಕಿಯೇ ಕೂತಿದ್ದರು. ಅವರು ಅವಸರ ಮಾಡಲಿಲ್ಲ. ಗಿಟಾರಿನ ಸ್ವರದ ಗುಬುಟಿಯನ್ನು ಪೂರ್ತಿ ಇಳಿಸಿದರು, ಅದಕ್ಕೆ ಸಿಕ್ಕಿಸಿದ್ದ ವೈರನ್ನು ಬಿಡಿಸಿ ಸುರುಳಿ ಸುತ್ತಿದರು. ಆಮೇಲೆ ತಿರುಗಿದರು. ಹೆಂಡತಿಯ ಕಡೆ ನೋಡದೆ ಅಣ್ಣನಿಗೆ ಹೇಳಿದರು.

“ಬರೆದೋನು ನಾನೇ. ಡಬ್ಬೀಲಿ ಇಟ್ಟೋನೂ ನಾನೇ. ನಿನ್ನ ತಮ್ಮನಿಗೆ ಏನೂ ಗೊತ್ತಿಲ್ಲ, ಆ ಹುಡುಗನ್ನ ಮನೆಗೆ ಕರ್ಕೊ.” ಅವರು ಗಿಟಾರನ್ನು ಗೋಡೆಗೆ ಒರಗಿಸಿದರು. “ಗಿಳಿ ನುಡಿಸಿದ ದಿನವೇ ನನ್ನ ಕಿವಿಗೆ ಗೊತ್ತಾಗಿತ್ತು, ಇದು ನಿನ್ನ ಕಿವಿ ಒಪ್ಪೋ ಸ್ವರ ಅಲ್ಲ ಅಂತ. ಯಾಕೆ ಬರೆದ್ರಿ ಅಂತ ಕೇಳ್ತೀಯ. ಹೇಳ್ತೀನಿ. ಮೊದಲು ಇವಳನ್ನ ಹೊರಗೆ ಕಳಿಸು.”

ಬಾಗಿಲಲ್ಲಿ ವಕೀಲರು ನಿಂತಿದ್ದರು. ಒಳಗೆ ಬರಬಹುದೇ ಎಂದು ಕೇಳಿದರು.

ಅಳತೆಯಮ್ಮ ಎದ್ದರು. ಬಾಗಿಲ ಕಡೆ ಹೋಗಲಿಲ್ಲ. ತಮ್ಮನ ಖಾಲಿ ಸ್ಟೂಲನ್ನು ಎಳೆದುಕೊಂಡು, ಗಂಡನ ಮೊಣಕಾಲಿಗೆ ತಮ್ಮ ಮೊಣಕಾಲು ತಾಗುವಷ್ಟು ಹತ್ತಿರ, ಅವರ ಎದುರು ಕೂತರು. “ನಿಮ್ಮ ಹೊಟ್ಟೆಯೊಳಗೆ ಏನಿದೆ ಅಂತ ಈಗ ನೋಡ್ತೀನಿ, ಹೇಳಿ,” ಎಂದರು.